ಮರಿಯಾ ಕ್ಯಾಂಪ್‌ಬೆಲ್ ಆತ್ಮಕಥೆಗೆ ಮರಳಿ ಬಂದ ಎರಡು ಪುಟಗಳು

ಕೆನಡಾದ ಮೆಟಿ (ಮೂಲನಿವಾಸಿ ಮತ್ತು ಯುರೋಪಿಯನ್ ಮಿಶ್ರ ಮೂಲದ ಜನ) ಲೇಖಕಿ ಮರಿಯಾ ಕ್ಯಾಂಪ್‌ಬೆಲ್ ಅವರ ‘ಹಾಫ್‌ಬ್ರೀಡ್’ ಓದುವುದಾದರೆ 2019ರ ಆವೃತ್ತಿಯನ್ನೇ ಹುಡುಕಿ ಓದಿ. ಹಠ ಅನ್ನಿಸಿದರೂ ಚಿಂತೆಯಿಲ್ಲ, ಕಾರಣವಿದೆ.

1973ರ ಮೊದಲ ಮುದ್ರಣದಲ್ಲಿ ಒಂದು ಘಟನೆ ಇರಲೇ ಇಲ್ಲ. ಅಪ್ಪ ಮನೆಯಲ್ಲಿಲ್ಲದ ಹೊತ್ತು. ಕದ್ದು ಬೇಟೆಯಾಡಿದ ಮಾಂಸ ಹುಡುಕಲು ಮೌಂಟೆಡ್ ಪೊಲೀಸರು, ಅಂದರೆ ಕೆನಡಾದ ಕೇಂದ್ರ ಪೊಲೀಸರು, ಬರುತ್ತಾರೆ. ಅವರಲ್ಲೊಬ್ಬ ಹದಿನಾಲ್ಕರ ಮರಿಯಾ ಮೇಲೆ ಅತ್ಯಾಚಾರ ಮಾಡುತ್ತಾನೆ. ಅಪ್ಪನಿಗೆ ಹೇಳಬೇಡ ಅನ್ನುತ್ತಾಳೆ ಅಜ್ಜಿ. ಹೇಳಿದರೆ ಅವನು ಪೊಲೀಸರನ್ನು ಕೊಂದು ನೇಣಿಗೇರುತ್ತಾನೆ, ಮಕ್ಕಳೆಲ್ಲ ಅನಾಥಾಶ್ರಮದ ಪಾಲಾಗುತ್ತಾರೆ ಎಂಬ ಭಯ ಅವಳಿಗೆ. ಕೇಸು ಬಿದ್ದೀತೆಂದು ಹೆದರಿದ ಪ್ರಕಾಶಕರು ಲೇಖಕಿಯ ಒಪ್ಪಿಗೆಯಿಲ್ಲದೆ ಆ ಭಾಗ ತೆಗೆದುಹಾಕಿದರು. ಕೆಂಪು ಗೀಟು ಎಳೆದ ಆ ಎರಡು ಪುಟಗಳು ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ದಾಖಲೆ ಸಂಗ್ರಹದಲ್ಲಿರುವುದನ್ನು ಸಂಶೋಧಕಿಯರಾದ ಆಲಿಕ್ಸ್ ಶೀಲ್ಡ್ ಮತ್ತು ಡೀನಾ ರೇಡರ್ 2018ರಲ್ಲಿ ಬೆಳಕಿಗೆ ತಂದರು. 2019ರ ಆವೃತ್ತಿಯಲ್ಲಿ ಅವು ಮರಳಿ ಸೇರಿದವು.

ಆ ಪುಟಗಳನ್ನು ಓದಿದ ಮೇಲೆ ಮುಂದಿನ ಅಧ್ಯಾಯಗಳು ನನಗೆ ಬೇರೆಯಾಗಿಯೇ ಕಂಡವು. ಹದಿನೈದಕ್ಕೇ ಮದುವೆ, ವ್ಯಾಂಕೂವರ್, ಹೆರಾಯಿನ್, ವೇಶ್ಯಾವೃತ್ತಿ. ಆ ಪುಟಗಳಿಲ್ಲದೆ ಓದಿದವರಿಗೆ ಇದು ಬಡತನ ತಳ್ಳಿದ ದಾರಿ, ಅಥವಾ ಹುಡುಗಿಯ ಆತುರ ಅನ್ನಿಸಬಹುದು. ಬಡತನವೇನೋ ನಿಜ. ತಾಯಿ ಹೆರಿಗೆಯಲ್ಲಿ ತೀರಿಕೊಂಡಾಗ ಹನ್ನೆರಡರ ಮರಿಯಾ ಮೇಲೆ ತಮ್ಮಂದಿರು ತಂಗಿಯರೆಲ್ಲರ ಜವಾಬ್ದಾರಿ ಬೀಳುತ್ತದೆ. ಅವರನ್ನು ಸರ್ಕಾರ ಎತ್ತಿಕೊಂಡು ಹೋಗದಿರಲಿ ಎಂದೇ ಅವಳು ಮದುವೆಯಾಗುವುದು. ಆದರೂ ಎತ್ತಿಕೊಂಡು ಹೋಗುತ್ತಾರೆ. ಆದರೆ ಸಮವಸ್ತ್ರ ಕಂಡರೆ ಅವಳಿಗೇಕೆ ಅಷ್ಟು ಭಯ, ಹೇಳಿಕೊಳ್ಳಲು ಯಾರೂ ಏಕಿರಲಿಲ್ಲ ಎಂಬುದಕ್ಕೆ ಉತ್ತರ ಆ ಎರಡು ಪುಟಗಳಲ್ಲಿತ್ತು. ಪೊಲೀಸನ ಅಪರಾಧ ಮುಚ್ಚಿ, ಅದರ ಫಲವನ್ನು ಮಾತ್ರ ಅವಳ ಹೆಸರಲ್ಲಿ ಅಚ್ಚು ಹಾಕಿದ್ದು ದೊಡ್ಡ ಅನ್ಯಾಯ.

ಹಿನ್ನೆಲೆಯಾಗಿ ಜಮೀನಿನ ಕಥೆಯನ್ನೂ ಸ್ವಲ್ಪ ತಿಳಿದಿರಬೇಕು. 1885ರಲ್ಲಿ ಬಟೋಶ್‌ನಲ್ಲಿ ಬಂಡೆದ್ದ ಮೆಟಿ ಜನ ಕೆನಡಾದ ಸೇನೆಗೆ ಸೋತರು, ನವೆಂಬರ್ 16ರಂದು ಅವರ ನಾಯಕ ಲೂಯಿ ರಿಯೆಲ್‌ರನ್ನು ರೆಜೈನಾದಲ್ಲಿ ಗಲ್ಲಿಗೇರಿಸಿದರು. ಜಮೀನಿನ ಹಕ್ಕಿಗೆ ಬದಲಾಗಿ ಸರ್ಕಾರ ಹಂಚಿದ್ದು ‘ಸ್ಕ್ರಿಪ್’ ಎಂಬ ಚೀಟಿ. ಮನೆಯ ಯಜಮಾನನಿಗೆ 160 ಎಕರೆ ಅಥವಾ 160 ಡಾಲರ್, ಮಕ್ಕಳಿಗೆ 240. ಕಾಗದದ ಮೇಲೆ ಧಾರಾಳವೇ. ಆದರೆ ಜಮೀನು ಕಚೇರಿ ಎಷ್ಟೋ ದೂರ, ಬರಹ ಇಂಗ್ಲಿಷಿನದು. ದಲ್ಲಾಳಿಗಳು ಚೀಟಿಗಳನ್ನು ಚಿಲ್ಲರೆ ಕಾಸಿಗೆ ಕೊಂಡರು. ಚೀಟಿಯ ಒಡೆಯರ ಬದಲು ಬೇರೆ ಯಾರನ್ನೋ ನಿಲ್ಲಿಸಿ, ಒಡೆಯರೇ ಇವರೆಂದು ಸಹಿ ಹಾಕಿಸಿದರು. ಜಮೀನು ಹೋದವರು ರಸ್ತೆಗೆಂದು ಬಿಟ್ಟಿದ್ದ ಸರ್ಕಾರಿ ನೆಲದ ಪಟ್ಟಿಗಳಲ್ಲಿ ಮರದ ದಿಮ್ಮಿಯ ಗುಡಿಸಲು ಕಟ್ಟಿದರು. ತೆರಿಗೆ ಕಟ್ಟುವವರಲ್ಲ ಎಂದು ಅವರ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಬೇಟೆಯಾಡಿದರೆ ಜೈಲು. ಪೊಲೀಸರು ಮಾಂಸ ಹುಡುಕಿಕೊಂಡು ಆ ಮನೆಗೆ ಬಂದದ್ದು ಈ ದಾರಿಯಿಂದಲೇ.

ಹಾಗಂತ ಇದು ಬರೀ ನೋವಿನ ಪುಸ್ತಕವಲ್ಲ. ಪಿಟೀಲು, ಕುಣಿತ, ಮಕ್ಕಳ ಜಗಳ, ಸುಳ್ಳುಪೊಳ್ಳು ಕಥೆಗಳಿಂದ ಮೊದಲ ಅಧ್ಯಾಯಗಳು ತುಂಬಿವೆ, ಅವಸರದಲ್ಲಿ ದಾಟಿಬಿಡಬೇಡಿ. ನನಗೆ ಅತಿ ಇಷ್ಟವಾದವಳು ಮುತ್ತಜ್ಜಿ ಚೀಚಮ್. ಮೆಟಿ ಹೋರಾಟದ ಸೇನಾನಿ ಗೇಬ್ರಿಯಲ್ ಡ್ಯುಮಾಂಟ್ ಬಂಧುವಾದ ಆಕೆ ಬಟೋಶ್‌ನ ಸೋಲನ್ನು ಕೊನೆಯವರೆಗೂ ಒಪ್ಪಲಿಲ್ಲ. ಅವಳ ನೆಲ ಪ್ರಿನ್ಸ್ ಆಲ್ಬರ್ಟ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದಾಗಲೂ ಕದಲಲಿಲ್ಲ, ಎಬ್ಬಿಸಲು ಬಂದ ಪೊಲೀಸರ ತಲೆಯ ಮೇಲಿಂದ ಗುಂಡು ಹಾರಿಸಿದಳು. ಸರ್ಕಾರ ಕೊಡುವ ಕಂಬಳಿಯ ಬಗ್ಗೆ ಆಕೆ ಮರಿಮೊಮ್ಮಗಳನ್ನು ಎಚ್ಚರಿಸುತ್ತಾಳೆ: ಮೊದಲು ಮಾನವನ್ನೆಲ್ಲ ಕಸಿದು, ಆಮೇಲೆ ನಾಚಿಕೆ ಮುಚ್ಚಿಕೊಳ್ಳಲು ಅದನ್ನು ಕೊಡುತ್ತಾರೆ. ಮುಂದೆ ವ್ಯಸನ ಬಿಟ್ಟು ಸಂಘಟನೆಗೆ ಇಳಿಯುವ ಮರಿಯಾಳಿಗೆ ಆ ಮಾತು ಪೂರ್ತಿ ಅರ್ಥವಾಗುತ್ತದೆ.

ಹಳೆಯ ಪ್ರತಿ ಕೈಯಲ್ಲಿದ್ದವರು ಮಾಂಸ ಹುಡುಕಲು ಪೊಲೀಸರು ಬರುವ ಜಾಗಕ್ಕೆ ಹೋಗಿ, ಹೊಸ ಆವೃತ್ತಿಯ ಅದೇ ಭಾಗವನ್ನು ಪಕ್ಕದಲ್ಲಿಟ್ಟು ಓದಿ. ಅಲ್ಲಿಂದ ಮುಂದಿನದನ್ನು ಮತ್ತೊಮ್ಮೆ ಮೊದಲಿನಿಂದ ಓದಬೇಕಾಗುತ್ತದೆ.