ವಿಭೂತಿ ಆಗದ ಕ್ರೀಮು

ಹೋದ ವರ್ಷ ಒಂದು ಭಾನುವಾರ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದ್ದೆ. ಲ್ಯಾಬಿನಿಂದ ತಂದಿದ್ದ ಹೊಸ ಸ್ಯಾಂಪಲ್ ಮುಖಕ್ಕೆ ಹಚ್ಚಿಕೊಂಡು ಕೂತಿದ್ದೆ. ಅಮ್ಮ ಫೋನನ್ನು ಹತ್ತಿರ ಹಿಡಿದು ಒಂದು ನಿಮಿಷ ನೋಡಿದಳು.

"ಇದೇನೇ, ಮುಖದ ತುಂಬ ವಿಭೂತಿ ಬಳ್ಕೊಂಡಿದೀಯಾ? ಅಲ್ಲಿ ಯಾವ ಮಠ ಸಿಕ್ತು ನಿಂಗೆ?"

ನಮ್ಮದು ತುಮಕೂರು. ವಿಭೂತಿ, ಮಠ ಎರಡೂ ನಮ್ಮ ಮನೆ ಮಾತು. ನಕ್ಕು ಸುಮ್ಮನಾದೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಅದೇ ಸ್ಯಾಂಪಲನ್ನು ಆ ವಾರ ಲ್ಯಾಬಿನಲ್ಲಿ ಎಂಟು ಜನ ಕೈಗೆ ಹಚ್ಚಿ ನೋಡಿದ್ದರು. ಎಂಟೂ ಜನ 'ಬಿಳಿ ಕಾಣುವುದಿಲ್ಲ' ಅಂತ ಬರೆದಿದ್ದರು. ಹೇಗೆ ಕಾಣುತ್ತೆ ಹೇಳಿ, ಅವರ ಕೈಯೇ ಬಿಳಿ.

ನಾನು ಮೆಲ್ಬರ್ನ್‌ನಲ್ಲಿ ಸನ್‌ಸ್ಕ್ರೀನ್ ಮಾಡುತ್ತೇನೆ. ಓದಿದ್ದು ಬಯೋಮೆಡಿಕಲ್ ಎಂಜಿನಿಯರಿಂಗ್. ಊರಿಗೆ ಹೋದಾಗೆಲ್ಲ ಯಾರಾದರೂ ಕೇಳೇ ಕೇಳುತ್ತಾರೆ, "ಎಂಜಿನಿಯರ್ ಆಗಿ ಕ್ರೀಮ್ ಮಾಡ್ತೀಯಾ?" ಅಂತ. ಹೌದು, ಮಾಡ್ತೀನಿ.

ದಾರಿ ನೇರವಾಗಿರಲಿಲ್ಲ. ಮೊದಲ ಕೆಲಸ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ. ವೆಂಟಿಲೇಟರ್, ಇನ್ಫ್ಯೂಷನ್ ಪಂಪ್, ಇಸಿಜಿ ಮಷೀನು ಕೆಟ್ಟರೆ ನಮ್ಮನ್ನು ಕರೆಯುತ್ತಿದ್ದರು. ನಮ್ಮಲ್ಲಿ ಬಯೋಮೆಡಿಕಲ್ ಅಂದರೆ ಬಹಳ ಜನಕ್ಕೆ ಅಷ್ಟೇ ಗೊತ್ತು. ಅಲ್ಲಿಂದ ಮಾಸ್ಟರ್ಸ್‌ಗೆ ಆಸ್ಟ್ರೇಲಿಯಾಕ್ಕೆ ಬಂದೆ. ವೀಸಾ, ಸಾಲ, ಬಾಡಿಗೆ ಮನೆ ಎಲ್ಲ ಎಲ್ಲರದ್ದೂ ಒಂದೇ ಕಥೆ, ಅದು ಬೇಡ.

ಮಾಸ್ಟರ್ಸ್‌ನಲ್ಲಿ ಬೆಳ್ಳಿಯ ನ್ಯಾನೊ ಕಣಗಳ, ಅಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಗಳ ಮೇಲೆ ಕೆಲಸ ಮಾಡಿದೆ. ಸುಟ್ಟ ಗಾಯಕ್ಕೆ ಕಟ್ಟುವ ಪಟ್ಟಿಗಳಲ್ಲಿ ಬೆಳ್ಳಿ ಹಾಕುತ್ತಾರೆ, ಸೋಂಕು ಹತ್ತದಿರಲಿ ಅಂತ. ಮೊದಲ ಸಲ ಆ ಕಣಗಳನ್ನು ಮಾಡಿದ ದಿನ ಮರೆಯಲ್ಲ. ಬಣ್ಣವೇ ಇಲ್ಲದ ನೀರು ನೋಡುತ್ತಿದ್ದಂತೆ ಹಳದಿಯಾಯಿತು. ಬೆಳ್ಳಿ, ಹಳದಿ! ಕಣ ಅಷ್ಟು ಚಿಕ್ಕದಾದಾಗ ಅದು ಬೆಳಕಿನ ನೀಲಿ ಭಾಗವನ್ನು ನುಂಗುತ್ತದೆ. ಅದಕ್ಕೇ ನಮ್ಮ ಕಣ್ಣಿಗೆ ಹಳದಿ. ಕುಣಿದಾಡಿಬಿಟ್ಟೆ. ಎರಡು ದಿನ ಬಿಟ್ಟು ನೋಡಿದರೆ ಬಾಟಲಿಯಲ್ಲಿ ಬೂದು ನೀರು, ತಳದಲ್ಲಿ ಕಪ್ಪು ಗಸಿ. ಕಣಗಳು ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಗೈಡ್ ಒಂದೇ ಮಾತು ಹೇಳಿದರು: ಚಿಕ್ಕ ಕಣ ಯಾರು ಬೇಕಾದರೂ ಮಾಡಬಹುದು, ಅವು ಚಿಕ್ಕದಾಗೇ ಉಳಿಯೋ ಹಾಗೆ ಮಾಡು. ಅಂದಿನಿಂದ ಇಂದಿನವರೆಗೂ ನನಗೆ ಸಂಬಳ ಬರೋದು ಅದೊಂದಕ್ಕೇ.

ಗಾಯದ ಪಟ್ಟಿ ಮಾಡುವ ಕಡೆ ಕೆಲಸ ಸಿಗಲಿಲ್ಲ. ಸಿಕ್ಕಿದ್ದು ಸನ್‌ಸ್ಕ್ರೀನ್‌ನಲ್ಲಿ. ಇಲ್ಲಿ ಅದೇನು ಸಣ್ಣ ವಿಷಯವಲ್ಲ. ಚರ್ಮದ ಕ್ಯಾನ್ಸರ್ ಈ ದೇಶದ ದೊಡ್ಡ ತಲೆನೋವು. 1981ರಲ್ಲೇ ಅಂಗಿ ಹಾಕು, ಕ್ರೀಮ್ ಹಚ್ಚು, ಟೋಪಿ ಇಡು ಅಂತ 'ಸ್ಲಿಪ್, ಸ್ಲಾಪ್, ಸ್ಲ್ಯಾಪ್' ಪ್ರಚಾರ ಶುರು ಮಾಡಿದರು. ಶಾಲೆಗಳಲ್ಲಿ ಟೋಪಿ ಇಲ್ಲದ ಮಗುವನ್ನು ಬಿಸಿಲಿಗೆ ಆಡಲು ಬಿಡುವುದಿಲ್ಲ. ನಮ್ಮಲ್ಲಿ ಸನ್‌ಸ್ಕ್ರೀನ್ ಕಾನೂನಿನ ಲೆಕ್ಕದಲ್ಲಿ ಕಾಸ್ಮೆಟಿಕ್, ಪೌಡರ್-ಸ್ನೋ ಸಾಲಿನದ್ದು. ಇಲ್ಲಿ ಮುಖ್ಯವಾಗಿ ಬಿಸಿಲಿಗೇ ಅಂತ ಮಾರುವ ಸನ್‌ಸ್ಕ್ರೀನು ಔಷಧಗಳನ್ನು ನೋಡಿಕೊಳ್ಳುವ ಟಿಜಿಎ ಕೈಕೆಳಗೆ ಬರುತ್ತದೆ. ಅಂದರೆ ಮಾತ್ರೆ ಮಾಡುವಷ್ಟೇ ಶಿಸ್ತು. ಯಾವ ಪುಡಿ ಎಷ್ಟು ಗ್ರಾಂ ಹಾಕಿದೆ, ಎಷ್ಟು ಹೊತ್ತಿಗೆ ಹಾಕಿದೆ, ಎಲ್ಲಕ್ಕೂ ಸಹಿ. ಬರೆಯದಿದ್ದರೆ ಮಾಡಿಲ್ಲ ಅಂತಲೇ ಲೆಕ್ಕ. ಆಸ್ಪತ್ರೆಯಲ್ಲಿ ಮಷೀನುಗಳ ಸರ್ವಿಸ್ ರಿಜಿಸ್ಟರ್ ಬರೆದು ಬರೆದು ಬೇಜಾರಾಗಿತ್ತಲ್ಲ, ಇಲ್ಲಿ ಆ ಅಭ್ಯಾಸವೇ ಕೈ ಹಿಡಿಯಿತು.

ನಮ್ಮ ಮುಖ್ಯ ಸರಕು ಜಿಂಕ್ ಆಕ್ಸೈಡ್. ಬಿಳಿ ಪುಡಿ. ಕ್ರಿಕೆಟ್ ಆಟಗಾರರು ಮೂಗಿಗೆ, ತುಟಿಗೆ ಬಳಿದುಕೊಳ್ಳುತ್ತಿದ್ದರಲ್ಲ, ಅದೇ. ದಪ್ಪ ಕಣ ಇದ್ದರೆ ಹಾಗೆ ಸುಣ್ಣ ಬಳಿದಂತೆ ಕಾಣುತ್ತದೆ. 30 ನ್ಯಾನೊಮೀಟರ್ (ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೊಮೀಟರ್) ಆಸುಪಾಸಿಗೆ ಇಳಿಸಿದರೆ ಕಣ್ಣಿಗೆ ಕಾಣುವ ಬೆಳಕು ಸುಮ್ಮನೆ ದಾಟಿಹೋಗುತ್ತದೆ, ಅತಿನೇರಳೆ ಕಿರಣ ಮಾತ್ರ ಸಿಕ್ಕಿಬೀಳುತ್ತದೆ. ಕೇಳೋಕೆ ಚೆನ್ನಾಗಿದೆ. ತೊಂದರೆ ಏನಂದರೆ ಅಷ್ಟು ಚಿಕ್ಕದು ಮಾಡಿದಾಗ ಮೈ ವಿಪರೀತ ಜಾಸ್ತಿಯಾಗುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ಗ್ರಾಂ ಪುಡಿಯ ಕಣಗಳ ಹೊರಮೈ ಎಲ್ಲ ಕೂಡಿಸಿದರೆ ಸುಮಾರು 35 ಚದರ ಮೀಟರ್. ಮೂರು ಗ್ರಾಂ ಚಿಲ್ಲರೆಗೆ ಒಂದು 30-40 ಸೈಟು! ನೂರು ಗ್ರಾಂ ಟ್ಯೂಬಿನಲ್ಲಿ ನಾವು 20 ಗ್ರಾಂ ಹಾಕುತ್ತೇವೆ. ಆರು ಸೈಟು ಒಂದು ಟ್ಯೂಬಿನೊಳಗೆ ಮಡಚಿಟ್ಟ ಹಾಗಾಯಿತು. ಅಷ್ಟೂ ಮೈ ಪಕ್ಕದವನಿಗೆ ಅಂಟಿಕೊಳ್ಳೋಕೆ ಕಾಯುತ್ತಿರುತ್ತದೆ. ಅಂಟಿಕೊಂಡರೆ ಮತ್ತೆ ದಪ್ಪ ಕಣ, ಮತ್ತೆ ವಿಭೂತಿ.

ಇದಕ್ಕೆ ಮದ್ದು ಅಮ್ಮನ ಅಡುಗೆಮನೆಯಲ್ಲೇ ಇದೆ. ರಾಗಿ ಹಿಟ್ಟನ್ನು ಕುದಿಯೋ ನೀರಿಗೆ ನೇರ ಸುರಿದರೆ ಗಂಜಿ ಗಂಟು ಗಂಟು. ಮೊದಲು ತಣ್ಣೀರಿನಲ್ಲಿ ಕದಡಿಕೊಂಡು, ಆಮೇಲೆ ಸಣ್ಣಗೆ ಬಿಡುತ್ತಾ ತಿರುವಬೇಕು. ನಾವೂ ಪುಡಿಯನ್ನು ನೇರ ಕ್ರೀಮಿಗೆ ಹಾಕುವುದಿಲ್ಲ. ಮೊದಲು ಎಣ್ಣೆಯಲ್ಲಿ ಹಾಕಿ ಅರೆಯುತ್ತೇವೆ. ಪ್ರತಿ ಕಣವೂ ನೆನೆಯಬೇಕು. ಆಮೇಲೆ ಆ ಎಣ್ಣೆಯನ್ನು ನೀರಿನ ಜೊತೆ ಸೇರಿಸಿ ಹೋಮೋಜಿನೈಸರ್ ಹಾಕಿ ಕಡೆಯುವುದು.

ನೆನೆಸೋದರಲ್ಲೇ ನಾನೊಮ್ಮೆ ಎಡವಿದೆ. ಸೇರಿದ ಹೊಸತು. ಹಗುರವಾದ ಜೆಲ್ ಬೇಕು ಅಂದರು. ನಾನು ಕೋಟಿಂಗ್ ಇಲ್ಲದ ಜಿಂಕ್ ತೊಗೊಂಡು, ಅದನ್ನು ನೀರಿನ ಭಾಗಕ್ಕೇ ಹಾಕಿ, ಮಂದ ಮಾಡೋಕೆ ಕಾರ್ಬೋಮರ್ ಬಳಸಿದೆ. ಮೊದಲ ದಿನ ಎಷ್ಟು ಚೆನ್ನಾಗಿತ್ತು ಅಂದರೆ ಫೋಟೊ ತೆಗೆದು ಅಣ್ಣನಿಗೆ ಕಳಿಸಿದೆ. ಜಾಡಿಯನ್ನು 40 ಡಿಗ್ರಿ ಓವನ್‌ನಲ್ಲಿ ಇಟ್ಟೆವು. ವರ್ಷಗಟ್ಟಲೆ ಶೆಲ್ಫಿನಲ್ಲಿ ಏನಾಗಬಹುದು ಅಂತ ಬೇಗ ತಿಳಿಯೋಕೆ ಹೀಗೆ ಬಿಸಿಯಲ್ಲಿ ಇಡುತ್ತಾರೆ. ಮೂರನೇ ವಾರ ಮುಚ್ಚಳ ತೆಗೆದೆ. ಮೇಲೆ ತಿಳಿ ನೀರು, ಕೆಳಗೆ ಬಿಳಿ ಗಟ್ಟಿ. ಸಾಕ್ಷಾತ್ ಒಡೆದ ಹಾಲು. ಜಿಂಕ್ ಆಕ್ಸೈಡ್ ನೀರಿನಲ್ಲಿ ಚೂರು ಚೂರೇ ಕರಗುತ್ತದೆ. ಹಾಗೆ ಬಿಟ್ಟ ಜಿಂಕ್ ಅಯಾನುಗಳು ಕಾರ್ಬೋಮರ್‌ನ ಉದ್ದ ಸರಪಳಿಗಳನ್ನು ಹಿಡಿದು ಮುದುಡಿಸಿಬಿಟ್ಟಿದ್ದವು. ಸರಪಳಿ ಚಾಚಿಕೊಂಡಿದ್ದರೆ ತಾನೇ ನೀರನ್ನು ಹಿಡಿಯೋದು? ಪಠ್ಯಪುಸ್ತಕದಲ್ಲಿ ಇರೋ ವಿಷಯವೇ. ನಾನು ಓದಿರಲಿಲ್ಲ.

ಮ್ಯಾನೇಜರ್ ಹತ್ತಿರ ಜಾಡಿ ಹಿಡಿದುಕೊಂಡು ಹೋದೆ. ಇಲ್ಲಿ ಅವರನ್ನೂ ಹೆಸರು ಹಿಡಿದೇ ಕರೀಬೇಕು. ಆವತ್ತು ಹೆದರಿಕೆಗೆ ಬಾಯಲ್ಲಿ 'ಸರ್' ಅಂತಲೇ ಬಂತು. ಅವರು ಬೈಯಲಿಲ್ಲ. ಜಾಡಿಯ ಮೇಲೆ ದಿನಾಂಕ ಬರೆಸಿ, ನನ್ನ ಮೇಜಿನ ಮೇಲೇ ಇಡಿಸಿದರು. ಇವತ್ತೂ ಅಲ್ಲೇ ಇದೆ. ಬೈದಿದ್ದರೇ ವಾಸಿ ಇತ್ತು. ಈಗ ನಾನು ಸಿಲೇನ್ ಅನ್ನೋ ನೀರು ಹತ್ತದ ಕೋಟಿಂಗ್ ಹೊದಿಸಿದ ಜಿಂಕ್ ತೊಗೊಂಡು ಎಣ್ಣೆಯೊಳಗೇ ಇಡುತ್ತೇನೆ. ನೀರಿಗೂ ಅದಕ್ಕೂ ಮುಖಾಮುಖಿ ಆಗಬಾರದು.

ನ್ಯಾನೊ ಅಂದ ಕೂಡಲೇ ಎಲ್ಲರೂ ಕೇಳೋದು, ಅದು ಚರ್ಮದೊಳಗೆ ಇಳಿಯಲ್ವಾ? ನ್ಯಾಯವಾದ ಪ್ರಶ್ನೆ. ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಬ್ರಯನ್ ಗುಲ್ಸನ್ ತಂಡ ಇದಕ್ಕೆ ಒಂದು ಚೆಂದದ ಉಪಾಯ ಮಾಡಿತ್ತು. ಮೈಯಲ್ಲಿ ಮೊದಲೇ ಜಿಂಕ್ ಇರುತ್ತೆ, ಹೊಸದನ್ನು ಗುರುತಿಸೋದು ಹೇಗೆ? ಅದಕ್ಕೆ ಜಿಂಕ್-68 ಅನ್ನೋ ಐಸೋಟೋಪ್, ಅಂದರೆ ತೂಕದಿಂದ ಬೇರೆಯಾಗಿ ಗುರುತಿಸಬಹುದಾದ ಜಿಂಕ್, ಜಾಸ್ತಿ ಇರುವ ಸನ್‌ಸ್ಕ್ರೀನ್ ಮಾಡಿ, 20 ಜನಕ್ಕೆ ಬೀಚಿನಲ್ಲಿ ಐದು ದಿನ ಹಚ್ಚಿ, ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿದರು. 2010ರಲ್ಲಿ ಫಲಿತಾಂಶ ಬಂತು. ಗುರುತಿನ ಜಿಂಕ್ ರಕ್ತದಲ್ಲಿ ಸಿಕ್ಕಿತು, ಆದರೆ ಮೈಯಲ್ಲಿ ಇರೋ ಜಿಂಕ್ ಮುಂದೆ ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಅದು ಕಣವಾಗಿ ಹೋಯಿತೋ ಕರಗಿ ಹೋಯಿತೋ ಅಂತ ಆ ಪ್ರಯೋಗ ಹೇಳಲಾರದು. ನನಗೆ ಹಚ್ಚಿಕೊಳ್ಳೋಕೆ ಹೆದರಿಕೆ ಇಲ್ಲ. ನ್ಯಾನೊ ಪುಡಿಯನ್ನು ಸ್ಪ್ರೇ ಮಾಡೋದು ಮಾತ್ರ ನನಗೆ ಒಪ್ಪಿಗೆಯಿಲ್ಲ, ಅದು ಶ್ವಾಸಕೋಶಕ್ಕೆ ಹೋಗುವ ದಾರಿ. ಯುರೋಪಿನಲ್ಲಿ 2013ರಿಂದ ಪದಾರ್ಥಗಳ ಪಟ್ಟಿಯಲ್ಲಿ 'ನ್ಯಾನೊ' ಅಂತ ಬರೆಯಲೇಬೇಕು. ಒಳ್ಳೇದೇ.

ಊರಿನ ಹುಡುಗ ಹುಡುಗಿಯರು ಫೋನ್ ಮಾಡಿ, ಈ ಫೀಲ್ಡಿಗೆ ಬರೋಕೆ ಯಾವ ಕೋರ್ಸ್ ಮಾಡಬೇಕು ಅಂತ ಕೇಳುತ್ತಾರೆ. ಕೋರ್ಸ್ ಯಾವುದಾದರೂ ಸರಿ. ಕೊಲಾಯ್ಡ್ ಕೆಮಿಸ್ಟ್ರಿ, ಅಂದರೆ ಚಿಕ್ಕ ಕಣಗಳು ನೀರು-ಎಣ್ಣೆಯಲ್ಲಿ ಹೇಗೆ ತೇಲುತ್ತವೆ, ಹೇಗೆ ಅಂಟುತ್ತವೆ ಅನ್ನೋದನ್ನು ಗಟ್ಟಿ ಓದಿ, ಎಲ್ಲ ಎಂಜಿನಿಯರುಗಳೂ ಹಾರಿಸಿಬಿಡೋ ಪಾಠ ಅದು. ನನ್ನ ಜಾಡಿಯ ಫೋಟೊ ಬೇಕಾದರೆ ಕಳಿಸುತ್ತೇನೆ.

ವಿಭೂತಿ ಮಾತು ಆದಮೇಲೆ ಸೋಮವಾರ ಲ್ಯಾಬಿಗೆ ಹೋಗಿ ನನ್ನ ಕೈ ತೋರಿಸಿದೆ. ಬಣ್ಣ ಸೇರಿಸೋಣ ಅಂದೆ. ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡುಗಳು, ಅಂದರೆ ಕೆಮ್ಮಣ್ಣಿನ ಬಣ್ಣಗಳೇ. ಬಿಳಿ ಮುಚ್ಚುವುದಷ್ಟೇ ಅಲ್ಲ, ನಮ್ಮಂಥ ಚರ್ಮದಲ್ಲಿ ಬಂಗು ಏಳೋಕೆ ಕಣ್ಣಿಗೆ ಕಾಣುವ ಬೆಳಕೂ ಕಾರಣ. ಅದನ್ನು ಬರಿ ನ್ಯಾನೊ ಜಿಂಕ್ ತಡೆಯಲಾರದು, ಐರನ್ ಆಕ್ಸೈಡ್ ಒಂದಷ್ಟು ತಡೆಯುತ್ತದೆ. ಮ್ಯಾನೇಜರ್ ಹೂಂ ಅಂದರು. ನಾಲ್ಕು ತಿಂಗಳು ಅದೇ ಕೆಲಸ.

ಈ ಯುಗಾದಿಯ ದಿನ ಎಂಟನೇ ಸ್ಯಾಂಪಲ್ ಹಚ್ಚಿಕೊಂಡು ಅಮ್ಮನಿಗೆ ಫೋನ್ ಮಾಡಿದೆ. ಏನೂ ಹೇಳದೆ ಸುಮ್ಮನೆ ಕೂತೆ. ಅಮ್ಮ ಹೋಳಿಗೆ ತಟ್ಟುತ್ತಾ ಒಂದು ಸಲ ತಲೆಯೆತ್ತಿ ನೋಡಿದಳು.

"ವಿಭೂತಿ ಹೋಯ್ತು. ಅರಿಶಿನ ಜಾಸ್ತಿ ಆಯ್ತು ಕಣೆ."

ಮಾರನೇ ದಿನ ಹಳದಿಯನ್ನು ಕಾಲು ಭಾಗ ಇಳಿಸಿದೆ.