ನಾಲ್ಕಕ್ಕೆ ಹಾಕಬೇಕಾದ ಗೇರ್ ಎರಡಕ್ಕೆ ಬಿದ್ದರೆ

ಗೇರ್ ತಪ್ಪುವುದರಲ್ಲಿ ಎರಡು ಬಗೆ. ಮೂರರಿಂದ ನಾಲ್ಕಕ್ಕೆ ಹಾಕುವಾಗ ನ್ಯೂಟ್ರಲ್‌ನಲ್ಲೇ ಉಳಿದು ಎಂಜಿನ್ ಕೂಗಿದರೆ ಹೆದರಬೇಕಿಲ್ಲ. ಎಂಜಿನ್ನಿನ ಕಂಪ್ಯೂಟರ್ (ಇಸಿಯು) ಇಂಧನ ನಿಲ್ಲಿಸಿ ರೆಡ್‌ಲೈನ್ (ಎಂಜಿನ್ ತಡೆಯುವ ವೇಗದ ಮಿತಿ) ಹತ್ತಿರವೇ ಹಿಡಿದುಬಿಡುತ್ತದೆ. ನಾಲ್ಕರ ಬದಲು ಎರಡು ಬಿದ್ದಾಗ ಮಾತು ಬೇರೆ. ಕ್ಲಚ್ ಬಿಟ್ಟ ಕ್ಷಣ ಚಕ್ರಗಳೇ ಎಂಜಿನ್ನನ್ನು ಎಳೆದು ತಿರುಗಿಸುತ್ತವೆ, ಇಂಧನ ನಿಂತರೂ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಏರುತ್ತದೆ. ರೇಸ್ ಓಡಿಸುವವರು ಇದನ್ನು ಮನಿ ಶಿಫ್ಟ್ ಎನ್ನುತ್ತಾರೆ, ರಿಪೇರಿಗೆ ಹೋಗುವ ದುಡ್ಡಿನ ಲೆಕ್ಕದಲ್ಲಿ.

ಸಣ್ಣ ಪೆಟ್ರೋಲ್ ಕಾರೊಂದರ ಎರಡನೇ ಗೇರಿನ ಅನುಪಾತ 1.90, ಐದನೆಯದು 0.76 ಎಂದುಕೊಳ್ಳಿ. ಐದರಲ್ಲಿ ಗಂಟೆಗೆ 110 ಕಿ.ಮೀ. ಹೋಗುವಾಗ 3,200 ಆರ್‌ಪಿಎಂ ಇದ್ದರೆ, ನಾಲ್ಕಕ್ಕೆ ಇಳಿಸಲು ಹೋಗಿ ಅದೇ ವೇಗದಲ್ಲಿ ಎರಡಕ್ಕೆ ಬಿದ್ದಾಗ 3,200 × 1.90 ÷ 0.76, ಅಂದರೆ 8,000. ಇಂಥ ಕಾರಿನ ರೆಡ್‌ಲೈನ್ 6,000ದ ಆಚೀಚೆ. ಪಿಸ್ಟನ್, ಅದನ್ನು ಕ್ರ್ಯಾಂಕಿಗೆ ಜೋಡಿಸುವ ರಾಡ್‌ಗಳ ಮೇಲಿನ ಜಡತ್ವದ ಬಲ ಆರ್‌ಪಿಎಂನ ವರ್ಗದಂತೆ ಬೆಳೆಯುವುದರಿಂದ ಹೊರೆ ರೆಡ್‌ಲೈನ್‌ನಲ್ಲಿ ಇರುವುದರ ಸುಮಾರು 1.8 ಪಟ್ಟಾಗುತ್ತದೆ.

ಸಾಮಾನ್ಯವಾಗಿ ಮೊದಲು ಸೋಲುವುದು ವಾಲ್ವ್ (ಸಿಲಿಂಡರಿಗೆ ಗಾಳಿ ಬಿಡುವ, ಹೊಗೆ ಕಳಿಸುವ ಬಾಗಿಲು) ಮುಚ್ಚುವ ಸ್ಪ್ರಿಂಗ್. ವಾಲ್ವ್ ತೆರೆಸುವ ಕ್ಯಾಮ್‌ನ ವೇಗಕ್ಕೆ ತಕ್ಕಂತೆ ವಾಲ್ವನ್ನು ಸೀಟಿಗೆ ಮರಳಿಸಲು ಅದಕ್ಕಾಗದು. ಎಕ್ಸಾಸ್ಟ್ ಸ್ಟ್ರೋಕ್‌ನ ಕೊನೆಯಲ್ಲಿ ಪಿಸ್ಟನ್ ಮೇಲೆ ಬರುವಾಗ ವಾಲ್ವ್ ಇನ್ನೂ ತೆರೆದಿದ್ದರೆ ಬಡಿದು ಬಾಗುತ್ತದೆ. ಅದೇ ಜಾಗದಲ್ಲಿ ರಾಡ್ ಬೋಲ್ಟ್‌ಗೂ ಕಷ್ಟ: ಮೇಲಿನಿಂದ ಒತ್ತುವ ಅನಿಲದ ಒತ್ತಡ ಇಲ್ಲದ ಕಾರಣ ಪಿಸ್ಟನ್ನಿನ ಎಳೆತವೆಲ್ಲ ಬೋಲ್ಟ್ ಮೇಲೇ. ಬೋಲ್ಟ್ ಹಿಗ್ಗಿದರೆ ಎಂಜಿನ್ ಅಂದು ಓಡಬಹುದು, ತಿಂಗಳುಗಳ ನಂತರ ರಾಡ್ ಬ್ಲಾಕ್ ಸೀಳಿಕೊಂಡು ಹೊರಬರಬಹುದು. ಕ್ಲಚ್ ಒತ್ತಿಯೇ ಇದ್ದರೂ ಕ್ಲಚ್ ಪ್ಲೇಟ್ ಆ 8,000ದಲ್ಲಿ ತಿರುಗುತ್ತದೆ. ಹಳೆಯ ಪ್ಲೇಟಿನ ಲೈನಿಂಗ್ ಚೂರಾಗಬಹುದು.

ತಪ್ಪಿದ್ದು ಗೊತ್ತಾದೊಡನೆ ಕ್ಲಚ್ ಪೂರ್ತಿ ಒತ್ತಿ, ನ್ಯೂಟ್ರಲ್‌ಗೆ ತಂದು, ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಟಕ್‌ಟಕ್ ಸದ್ದು, ನಡುಕ, ಚೆಕ್ ಎಂಜಿನ್ ದೀಪ, ಇವುಗಳಲ್ಲಿ ಒಂದು ಕಂಡಿದ್ದರೂ ಮತ್ತೆ ಸ್ಟಾರ್ಟ್ ಮಾಡಲೇಬೇಡಿ, ಟೋ ಮಾಡಿಸಿ. "ಒಂದು ಸಲ ರೇಸ್ ಮಾಡಿ ನೋಡೋಣ" ಎಂದಾಗಲೇ ಬಾಗಿದ ವಾಲ್ವಿನ ತಲೆ ಮುರಿದು ಸಿಲಿಂಡರಿಗೆ ಬೀಳುವುದು. ವಾಲ್ವ್ ಬದಲಿಸಿದರೆ ಮುಗಿಯುತ್ತಿದ್ದ ಕೆಲಸ ಆಗ ಇಡೀ ಎಂಜಿನ್ನಿನದಾಗುತ್ತದೆ.

ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದಾಗ ಪಿ0300ರಿಂದ ಪಿ0304 ಬಂದರೆ ಮಿಸ್‌ಫೈರ್ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು), ಪಿ0016 ಬಂದರೆ ಟೈಮಿಂಗ್ ಚೈನ್ ಹಲ್ಲು ಜಾರಿರುವ ಅನುಮಾನ. ಕೋಡ್ ಇಲ್ಲದಿದ್ದರೂ ಕಂಪ್ರೆಷನ್ (ಸಿಲಿಂಡರಿನಲ್ಲಿ ಏಳುವ ಒತ್ತಡ) ನೋಡಿಸಿ. ಇಂಧನ ಪಂಪಿನ ಫ್ಯೂಸ್ ತೆಗೆದು, ಎಲ್ಲ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು ಪ್ರತಿ ಸಿಲಿಂಡರಿಗೂ ಐದಾರು ಸುತ್ತು ಕ್ರ್ಯಾಂಕ್ ಮಾಡಬೇಕು. ಒಂದು ಸಿಲಿಂಡರ್ ಮಾತ್ರ ಬಹಳ ಕಡಿಮೆ ತೋರಿಸಿದರೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ: ಒತ್ತಡ ಏರಿದರೆ ದೋಷ ಪಿಸ್ಟನ್ ರಿಂಗಿನದು, ಏರದಿದ್ದರೆ ಹೆಚ್ಚಾಗಿ ವಾಲ್ವಿನದು. ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ನೋಡುವ ಲೀಕ್‌ಡೌನ್ ಪರೀಕ್ಷೆ ಇನ್ನೂ ಖಚಿತ. ಗಾಳಿ ಸೈಲೆನ್ಸರಿನಲ್ಲಿ ಸುಯ್ಯೆಂದರೆ ಎಕ್ಸಾಸ್ಟ್ ವಾಲ್ವ್, ಥ್ರಾಟಲ್ ಬಾಯಲ್ಲಾದರೆ ಇನ್ಟೇಕ್, ಆಯಿಲ್ ಮುಚ್ಚಳದಲ್ಲಾದರೆ ರಿಂಗ್. ಪ್ಲಗ್ ತೂತಿನಿಂದ ಕ್ಯಾಮೆರಾ ಇಳಿಸಿದರೆ ಪಿಸ್ಟನ್ ಮೇಲೆ ವಾಲ್ವ್ ಬಡಿದ ಅರ್ಧಚಂದ್ರದ ಗುರುತು ಕಾಣಬಹುದು. ಆಯಿಲ್ ಫಿಲ್ಟರ್ ಕತ್ತರಿಸಿ ನೋಡುವುದನ್ನು ಬಿಡಬೇಡಿ; ಮಡಿಕೆಗಳಲ್ಲಿ ಹೊಳೆಯುವ ಚೂರು ಸಿಕ್ಕರೆ ಬೇರಿಂಗ್ ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಹಳೆಯ ರಾಡ್ ಬೋಲ್ಟ್ ಮತ್ತೆ ಹಾಕಿಸಬೇಡಿ.

ಕೈಯ ಅಭ್ಯಾಸದ ಬಗ್ಗೆಯೂ ಹೇಳಬೇಕು. ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕೆ, ಗೇರ್ ಎಡಗೈಗೆ. ಐದರಿಂದ ನಾಲ್ಕಕ್ಕೆ ಎಳೆಯುವಾಗ ಲಿವರನ್ನು ಎಡಕ್ಕೆ ತಳ್ಳಿದರೆ ಎರಡರ ಸಾಲು ಸಿಗುತ್ತದೆ. ಮುಷ್ಟಿ ಬಿಗಿಯದೆ ನ್ಯೂಟ್ರಲ್‌ಗೆ ತನ್ನಿ; ಒಳಗಿನ ಸ್ಪ್ರಿಂಗ್ ತಾನೇ ಲಿವರನ್ನು ಮೂರು-ನಾಲ್ಕರ ಸಾಲಿಗೆ ತಂದು ನಿಲ್ಲಿಸುತ್ತದೆ, ಅಲ್ಲಿಂದ ನೇರ ಹಿಂದಕ್ಕೆ. ಗೇರ್ ಒಳಗೆ ಹೋಗಲು ಹಟ ಮಾಡಿದರೆ ಒತ್ತಾಯಿಸಬೇಡಿ, ಆ ಬಿಗಿ ಗೇರುಗಳ ವೇಗ ಹೊಂದಿಸುವ ಸಿಂಕ್ರೊನೈಸರ್ ಕೊಡುವ ಎಚ್ಚರಿಕೆ. ಲಿವರ್ ಸಡಿಲವಾಗಿ ಅಲ್ಲಾಡುತ್ತಿದ್ದರೆ ಲಿಂಕೇಜಿನ ಬುಷ್‌ಗಳನ್ನೂ ಎಂಜಿನ್ ಮೌಂಟ್‌ಗಳನ್ನೂ ಮುಂದಿನ ಸರ್ವೀಸಿನಲ್ಲೇ ನೋಡಿಸಿ.