ನಾಲ್ಕು ಸ್ಕ್ರೂ, ಎರಡು ಬೆಂಕಿಕಡ್ಡಿ, ಒಂದು ಹಳೇ ಬೇಸ್

ಆರು ಸಾವಿರಕ್ಕೆ ಬೇಸ್ ಗಿಟಾರ್ ಸಿಗುತ್ತೆ ಅಂದಾಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಫೆಂಡರ್ ಕಂಪನಿಯ ಪ್ರೆಸಿಷನ್ ಬೇಸ್‌ನ ನಕಲು, ಹತ್ತು ವರ್ಷ ಹಳೇದು, ಬಾಡಿ ಚೆನ್ನಾಗಿತ್ತು, ಸದ್ದು ಜೋರು ಮಾಡುವ ಪೆಟ್ಟಿಗೆಗೆ, ಅಂದರೆ ಆಂಪ್‌ಗೆ ಹಾಕಿದರೆ ಸದ್ದೂ ಬರುತ್ತಿತ್ತು. "ನೆಕ್ ಒಂದ್ ಸ್ವಲ್ಪ ಸೆಟ್ ಮಾಡಿಸ್ಕೊಳಿ ಬ್ರೋ, ಅಷ್ಟೇ" ಅಂದ ಮಾರಿದ ಹುಡುಗ. ಆ "ಅಷ್ಟೇ" ನನ್ನ ಮೂರು ವಾರ ತಿಂದಿತು.

ಮನೆಗೆ ತಂದು ನುಡಿಸಿದೆ. ನೆಕ್ ಅಂದರೆ ತಂತಿಗಳ ಕೆಳಗಿನ ಉದ್ದನೆ ಮರದ ಹಿಡಿ, ಅದರ ಮೇಲಿನ ಅಡ್ಡ ಲೋಹದ ಪಟ್ಟಿಗಳೇ ಫ್ರೆಟ್. ಹನ್ನೆರಡನೇ ಫ್ರೆಟ್ ಹತ್ತಿರ ತಂತಿ ಎಷ್ಟು ಮೇಲಿತ್ತು ಅಂದರೆ ಅದರ ಕೆಳಗೆ ಪೆನ್ಸಿಲ್ ತೂರಿಸಬಹುದಿತ್ತು. ಆದರೆ ಮೊದಲ ಮೂರ್ನಾಲ್ಕು ಫ್ರೆಟ್‌ಗಳಲ್ಲಿ ಅದೇ ತಂತಿ ಲೋಹಕ್ಕೆ ಬಡಿದು ಜರ್ರ್ ಅನ್ನುತ್ತಿತ್ತು. ಒಂದು ಕಡೆ ಜಾಸ್ತಿ ಎತ್ತರ, ಇನ್ನೊಂದು ಕಡೆ ಜಾಸ್ತಿ ತಗ್ಗು. ಇದೆಂಥಾ ಕಾಯಿಲೆ?

ಬೇಸ್ ಹಿಡಿಯದವರಿಗೆ ಒಂದು ಮಾತು. ನಾಲ್ಕು ದಪ್ಪ ತಂತಿಗಳನ್ನು ಶ್ರುತಿಗೆ ಬಿಗಿದರೆ ನೆಕ್ ಮೇಲೆ 70 ಕೆ.ಜಿ.ಗೂ ಹೆಚ್ಚು ಎಳೆತ ಬೀಳುತ್ತೆ, ಅಂದರೆ ಒಬ್ಬ ಆಸಾಮಿ ಹಗಲೂ ರಾತ್ರಿ ಜೋತು ಬಿದ್ದ ಹಾಗೆ. ಮರ ಮುಂದಕ್ಕೆ ಬಾಗದಿರಲಿ ಅಂತ ನೆಕ್ ಒಳಗೆ ಉದ್ದಕ್ಕೂ ಒಂದು ಕಬ್ಬಿಣದ ಸರಳು ಇರುತ್ತೆ, ಟ್ರಸ್ ರಾಡ್. ಅಲೆನ್ ಕೀಯಲ್ಲಿ ಅದನ್ನು ಬಿಗಿ ಮಾಡಿದರೆ ನೆಕ್ ಹಿಂದಕ್ಕೆ ಬಂದು ತಂತಿ ತಗ್ಗುತ್ತೆ, ಸಡಿಲ ಮಾಡಿದರೆ ಮುಂದಕ್ಕೆ ಬಂದು ತಂತಿ ಏರುತ್ತೆ. ಎಲ್ಲರ ಕೈಯೂ ಮೊದಲು ಹೋಗೋದು ಅಲ್ಲಿಗೇ. ನನ್ನದೂ ಹೋಗುತ್ತಿತ್ತು, ಅಲೆನ್ ಕೀ ಹುಡುಕಿದಾಗ ಸಿಗಲಿಲ್ಲ, ಬಚಾವಾದೆ.

ಸುಮ್ನೆ ಕೂರೋ ಬದಲು ಅಳತೆ ನೋಡಿದೆ. ಮೊದಲನೇ ಫ್ರೆಟ್‌ಗೆ ಕ್ಯಾಪೊ, ಅಂದರೆ ತಂತಿ ಒತ್ತಿ ಹಿಡಿಯುವ ಕ್ಲಿಪ್ ಹಾಕಿ, ಕೊನೇ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದರೆ, ಏಳೋ ಎಂಟೋ ಫ್ರೆಟ್ ಹತ್ತಿರ 0.3 ಮಿ.ಮೀ. ಆಸುಪಾಸು ಸಂದು ಕಾಣಬೇಕು. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ನೋಡೋಕೆ ಬಳಸುವ, ಅಳತೆಯ ತೆಳು ಎಲೆಗಳಿರುವ ಫೀಲರ್ ಗೇಜ್ ಇದಕ್ಕೂ ಆಗುತ್ತೆ. ನನ್ನದರಲ್ಲಿ ಸಂದೇ ಇಲ್ಲ, ತಂತಿ ಫ್ರೆಟ್‌ಗಳ ಮೇಲೆ ಮಲಗಿತ್ತು. ಅಂದರೆ ನೆಕ್ ಆಗಲೇ ಹಿಂದಕ್ಕೆ ಬಾಗಿದೆ. ಹಿಂದಕ್ಕೆ ಬಾಗಿದ ನೆಕ್‌ನಲ್ಲಿ ತಂತಿ ಅಷ್ಟು ಎತ್ತರ ಇರೋಕೆ ಕಾರಣ ಬೇರೆಲ್ಲೋ ಇರಬೇಕು, ಅಲ್ವಾ?

ಇತ್ತು. ನೆಕ್ ಬಾಡಿಗೆ ಸೇರುವ ಜಾಗದಲ್ಲಿ ಒಂದು ವಿಸಿಟಿಂಗ್ ಕಾರ್ಡ್ ಸಲೀಸಾಗಿ ಒಳಗೆ ಹೋಯಿತು. ಹಿಂದಿನ ನಾಲ್ಕು ಸ್ಕ್ರೂಗಳಲ್ಲಿ ಎರಡು ಸುಮ್ನೆ ತಿರುಗುತ್ತಿದ್ದವು, ಹಿಡಿತವೇ ಇಲ್ಲ. ತಂತಿ ಸಡಿಲಿಸಿ ಬಿಚ್ಚಿದರೆ, ನೆಕ್‌ನ ಆ ಎರಡು ತೂತುಗಳಲ್ಲಿ ಬೆಂಕಿಕಡ್ಡಿ! ಮೇಲೆ ಫೆವಿಕ್ವಿಕ್, ಒಣಗಿ ಗಾಜಿನ ಥರ ಪುಡಿಪುಡಿ. ಒಂದು ಕಡ್ಡಿಯ ತುದಿಯಲ್ಲಿ ಮದ್ದು ಕೂಡ ಹಾಗೇ ಇತ್ತು.

ಈಗ ಕಥೆ ಅರ್ಥವಾಯಿತು. ಸ್ಕ್ರೂ ಹಿಡಿತ ಬಿಟ್ಟಿದೆ, ನೆಕ್‌ನ ಬುಡ ಎದ್ದಿದೆ, ತಂತಿ ಮೇಲೇರಿದೆ. ಯಾರೋ ಪುಣ್ಯಾತ್ಮರು ಅದನ್ನು ತಗ್ಗಿಸೋಕೆ ಟ್ರಸ್ ರಾಡ್ ಬಿಗಿದು ಬಿಗಿದು ಇಟ್ಟಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

1951ರಲ್ಲಿ ಲಿಯೋ ಫೆಂಡರ್ ಕಂಪನಿ ಅಸಲಿ ಪ್ರೆಸಿಷನ್ ಬೇಸ್ ತಂದಾಗ ನೆಕ್ ಅಂಟಿಸದೆ ಸ್ಕ್ರೂ ಹಾಕಿದ್ದರಿಂದ, ಕೆಟ್ಟರೆ ಬಿಚ್ಚಿ ಇನ್ನೊಂದು ಹಾಕಬಹುದು. ಸರಿ, ಆದರೆ ಹೊಸ ನೆಕ್‌ಗೆ ನನ್ನ ಇಡೀ ಬೇಸ್‌ಗಿಂತ ಜಾಸ್ತಿ ದುಡ್ಡು.

ನಮ್ಮ ಬೀದಿಯ ಮರಗೆಲಸದ ಆಚಾರ್ರ ಹತ್ತಿರ ಹೋದೆ. ಪೀಠೋಪಕರಣಕ್ಕೆ ಹಾಕುವ 8 ಮಿ.ಮೀ. ಬೀಚ್ ಮರದ ಗೂಟ ಬೆಂಗಳೂರಿನ ಎಸ್‌ಜೆಪಿ ರೋಡಿನಿಂದ ತಂದಿದ್ದೆ, ಅದನ್ನೇ ಜಡಿದುಬಿಡಿ ಅಂದೆ. ಅವರು ಗೂಟ ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು. "ಇದ್ರ ನಾರು ಉದ್ದಕ್ಕಿದೆ ಕಣಪ್ಪಾ. ಸ್ಕ್ರೂನೂ ಉದ್ದಕ್ಕೇ ಹೋದ್ರೆ ಸೀಳುತ್ತೆ, ಕಚ್ಚಲ್ಲ. ನಾರು ಅಡ್ಡ ಇರ್ಬೇಕು." ಯಾವುದೋ ಹಳೇ ಕುರ್ಚಿಯ ಗಟ್ಟಿ ಮರದ ತುಂಡು ತೆಗೆದು, ನಾರು ಅಡ್ಡ ಬರುವ ಹಾಗೆ ಉಳಿಯಲ್ಲಿ ತೂತು ಮುಚ್ಚೋಕೆ ಎರಡು ಪುಟ್ಟ ಬಿರಡೆ ಕೆತ್ತಿದರು.

ತೂತನ್ನು 8 ಮಿ.ಮೀ.ಗೆ ಅಗಲ ಮಾಡಿದರು. ಫೆವಿಕ್ವಿಕ್ ಹೀರಿದ ಮರ ಪೂರ್ತಿ ಹೋಗಬೇಕು, ಅದರ ಮೇಲೆ ಫೆವಿಕಾಲ್ ಕಚ್ಚಲ್ಲ. ಬಿಟ್‌ಗೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಂಡಿದ್ದೆವು, ಸ್ವಲ್ಪ ಹೆಚ್ಚಾದರೂ ಡ್ರಿಲ್ ನೆಕ್‌ನ ಮುಂದಿನ ಮೈಯಲ್ಲಿ, ಅಂದರೆ ಫ್ರೆಟ್‌ಗಳಿರುವ ಫಿಂಗರ್‌ಬೋರ್ಡ್‌ನಲ್ಲಿ ಆಚೆ ಬರುತ್ತೆ. ಫೆವಿಕಾಲ್ ಹಚ್ಚಿ, ಬಿರಡೆ ಬಡಿದು, ಕ್ಲ್ಯಾಂಪ್ ಹಾಕಿ ಇಟ್ಟರು. ನಾನು ಸಂಜೆಗೇ ಕೇಳಿದೆ, ಬೈದು ಕಳಿಸಿದರು. ಮಾರನೇ ದಿನ 3 ಮಿ.ಮೀ. ತೂತು ಕೊರೆದು, ಸ್ಕ್ರೂಗೆ ಮೇಣದಬತ್ತಿ ಉಜ್ಜಿ ಹಾಕಿದಾಗ ಕೊನೇ ಎರಡು ಸುತ್ತಿಗೆ ಮರ ಕಿರ್ರ್ ಅಂತು. ಇಷ್ಟಕ್ಕೆ ಅವರು ತಗೊಂಡದ್ದು 300 ರೂಪಾಯಿ.

ಇನ್ನು ಟ್ರಸ್ ರಾಡ್. ಅದನ್ನು ದಿನಕ್ಕೆ ಕಾಲು ಸುತ್ತು ಸಡಿಲಿಸಿದೆ, ತಂತಿ ಬಿಗಿದೇ ಇಟ್ಟು ರಾತ್ರಿಯಿಡೀ ಬಿಟ್ಟೆ. ಮರಕ್ಕೆ ಅವಸರ ಇಲ್ಲ. ಐದನೇ ದಿನ ಗೇಜ್‌ನ 0.3ರ ಎಲೆ ಒಳಗೆ ಹೋಯಿತು, ಹನ್ನೆರಡನೇ ಫ್ರೆಟ್ ಹತ್ತಿರ ತಂತಿ ಎರಡೂವರೆ ಮಿ.ಮೀ.ಗೆ ಇಳಿಯಿತು, ಜರ್ರ್ ನಿಂತಿತು.

ತೋರಿಸೋಣ ಅಂತ ಆಚಾರ್ರ ಅಂಗಡಿಗೆ ಒಯ್ದೆ. ಆಂಪ್ ಇರಲಿಲ್ಲ. ದಪ್ಪ ತಂತಿ ಮೀಟಿದೆ. "ಸದ್ದೇ ಬರಲ್ವಲ್ಲಪ್ಪಾ ಇದ್ರಲ್ಲಿ" ಅಂದರು. ಆಮೇಲೆ ನೆಕ್ ಬುಡದ ಸಂದಿಗೆ ಹೆಬ್ಬೆರಳಿನ ಉಗುರು ತೂರಿಸೋಕೆ ನೋಡಿದರು, ಹೋಗಲಿಲ್ಲ. "ಕೂತಿದೆ" ಅಂತ ಹೇಳಿ ತಮ್ಮ ಬಾಗಿಲ ಚೌಕಟ್ಟಿನ ಕೆಲಸಕ್ಕೆ ವಾಪಸ್ ಹೋದರು.